ಈ ಪುಸ್ತಕ ನಾನೇ ಯಾಕೆ ಬರೆಯಬೇಕು?

ಪ್ರಶ್ನೆ: ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ಈಚೆಗೆ ನಿವೃತ್ತನಾದೆ. ಸರ್ವಿಸಿನ ಬಹುಪಾಲು ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳ ಕೆಲಸದಲ್ಲೇ ಕಳೆಯಿತು. ಕೆರೆಗಳ ಬಗ್ಗೆ ಒಂದು ಪುಸ್ತಕ ಬರೆಯಬೇಕು ಅನ್ನೋದು ಹಳೇ ಆಸೆ. ನೋಟ್‌ಬುಕ್ಕುಗಳಿವೆ, ಫೋಟೊಗಳಿವೆ. ನಲವತ್ತು ಪುಟ ಬರೆದು ನಿಲ್ಲಿಸಿದ್ದೇನೆ. ಮನೆಯವರು "ಇದನ್ನ ಯಾರು ಓದ್ತಾರೆ?" ಅಂತಾರೆ. ಗೆಳೆಯರು "ಬರೀರಿ ಸ್ವಾಮಿ, ಜೋರಾಗಿ ಬಿಡುಗಡೆ ಮಾಡೋಣ" ಅಂತಾರೆ. ಹೆಸರಿನ ಆಸೆಗೆ ಬರೀತಿದ್ದೀನಾ ಅಂತ ನನಗೇ ಈಗ ಅನುಮಾನ. ಬರೆಯಲು ನನಗಿರುವ ನಿಜವಾದ ಕಾರಣ ಏನು ಅಂತ ಕಂಡುಕೊಳ್ಳೋದು ಹೇಗೆ? ಕನ್ನಡದಲ್ಲಿ ಬರೆಯಲೋ ಇಂಗ್ಲಿಷಿನಲ್ಲೋ ಅನ್ನೋದೂ ತೀರ್ಮಾನವಾಗಿಲ್ಲ. ಮೊದಲ ಅಧ್ಯಾಯ ಮತ್ತು ನೋಟ್‌ಬುಕ್ಕಿನ ಕೆಲವು ಪುಟಗಳ ಫೋಟೊ ಕಳಿಸಿದ್ದೇನೆ.

ಉತ್ತರ: ಹೆಸರಿನ ಆಸೆ ಇದ್ದರೆ ಇರಲಿ ಬಿಡಿ ಸರ್. ಪುಸ್ತಕ ಬರೆಯುವವರಲ್ಲಿ ಅದು ಯಾರಿಗಿಲ್ಲ? ಮುಖಪುಟದ ಮೇಲೆ ನನ್ನ ಹೆಸರು ಹಾಕಬೇಡಿ ಅಂದ ಲೇಖಕರನ್ನು ಸಂಪಾದಕನಾಗಿ ನಾನಂತೂ ನೋಡಿಲ್ಲ. ತೊಂದರೆ ಇರೋದು ಬೇರೆ ಕಡೆ. ಹೆಸರಿನ ಆಸೆ ನಿಮ್ಮಿಂದ ಮೊದಲ ನಲವತ್ತು ಪುಟ ಬರೆಸುತ್ತದೆ. ನಲವತ್ತೊಂದನೇ ಪುಟದಲ್ಲಿ ಏನು ಬರೆಯಬೇಕು ಅಂತ ಹೇಳುವುದಿಲ್ಲ. ಯಾವ ಅಧ್ಯಾಯ ಬೇಕು, ಯಾವುದು ಬೇಡ, ಒಂದು ಕೆರೆಗೆ ಎರಡು ಪುಟ ಸಾಕೋ ಇಪ್ಪತ್ತು ಬೇಕೋ, ಇಂಥ ಯಾವ ಪ್ರಶ್ನೆಗೂ ಅದರ ಹತ್ತಿರ ಉತ್ತರ ಇಲ್ಲ. ನೀವು ನಿಂತಿರೋದು ಸೋಮಾರಿತನದಿಂದ ಅಲ್ಲ, ಇದರಿಂದ.

ದುಡ್ಡಿನ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಇನ್ನೂರು ರೂಪಾಯಿ ಬೆಲೆಯ ಪುಸ್ತಕ, 1,000 ಪ್ರತಿ, ಹತ್ತು ಪರ್ಸೆಂಟ್ ರಾಯಲ್ಟಿ ಅಂತಿಟ್ಟುಕೊಳ್ಳಿ. ಎಲ್ಲ ಪ್ರತಿ ಮಾರಾಟವಾದರೂ ನಿಮ್ಮ ಕೈಗೆ ಬರೋದು 20,000. ಅದಕ್ಕಿಂತ ಜಾಸ್ತಿ ದುಡ್ಡು ಆ ಕೆರೆಗಳನ್ನು ಮತ್ತೆ ನೋಡಿ ಬರಲು ಕಾರಿನ ಪೆಟ್ರೋಲಿಗೇ ಹೋಗುತ್ತದೆ. ದುಡ್ಡು ಕಾರಣ ಅಲ್ಲ ಅಂತ ನೀವೂ ಹೇಳಿಲ್ಲ, ನಾನೂ ಕೇಳಿಲ್ಲ, ಆದರೆ ಮನೆಯವರಿಗೆ ಈ ಲೆಕ್ಕ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಈಗ ನೀವು ಕಳಿಸಿದ ಮೊದಲ ಅಧ್ಯಾಯ. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಯಾರು ಬೇಕಾದರೂ ಬರೆಯಬಹುದಿತ್ತು. "ಪ್ರಾಚೀನ ಕಾಲದಿಂದಲೂ ಕೆರೆಗಳು ನಮ್ಮ ಸಂಸ್ಕೃತಿಯ ಜೀವನಾಡಿಯಾಗಿದ್ದು" ಅಂತ ಶುರುವಾಗುತ್ತದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರ ಎಲ್ಲ ಬಂದು ಹೋಗುತ್ತಾರೆ. ಎಲ್ಲೂ ತಪ್ಪಿಲ್ಲ, ಎಲ್ಲೂ ನೀವಿಲ್ಲ. ನೀವು ಆ ಏರಿಗಳ (ಕೆರೆಯ ಕಟ್ಟೆಗಳ) ಮೇಲೆ ನಡೆದವರು, ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ) ಒಡೆದ ರಾತ್ರಿ ಮರಳಿನ ಮೂಟೆ ಹಾಕಿಸಿದವರು ಅನ್ನೋದು ಹದಿನೆಂಟು ಪುಟ ಓದಿದರೂ ಗೊತ್ತಾಗುವುದಿಲ್ಲ. ಈ ಮೂಟೆಯ ವಿಷಯವೂ ನನಗೆ ಗೊತ್ತಾಗಿದ್ದು ನಿಮ್ಮ ಪತ್ರದಿಂದ, ಅಧ್ಯಾಯದಿಂದ ಅಲ್ಲ.

ಆಮೇಲೆ ನೋಟ್‌ಬುಕ್ಕಿನ ಫೋಟೊಗಳನ್ನು ತೆಗೆದೆ. ಮೂರನೇ ಫೋಟೊ ನೋಡಿ. ಮೇಲರ್ಧ ಪೂರ್ತಿ ಎಸ್ಟಿಮೇಟು: ಏರಿಯ ಉದ್ದ, ಪಿಚಿಂಗ್ ಕಲ್ಲು, ಹೂಳು ತೆಗೆಯಲು ಎಷ್ಟು ಲೋಡು. ಅಕ್ಷರ ಸಾಲಾಗಿ, ನೀಟಾಗಿ ಇದೆ. ಕೆಳಗರ್ಧದಲ್ಲಿ ಪೆನ್ನಿನ ಬಣ್ಣ ಬದಲಾಗಿದೆ, ಅಕ್ಷರ ಓರೆಯಾಗಿದೆ, ಬಹುಶಃ ಏರಿ ಮೇಲೆ ಕೂತೇ ಬರೆದಿದ್ದೀರಿ. ಮಳೆ ಕಮ್ಮಿಯಾಗಿ ಕೆರೆ ಅರ್ಧವೂ ತುಂಬದ ವರ್ಷ. ಊರವರು ಸೇರಿ ದಾಮಾಶಾ ಮಾಡಿದ್ದಾರೆ. ಅಂದರೆ ಇಡೀ ಅಚ್ಚುಕಟ್ಟಿಗೆ (ಕೆರೆ ನೀರು ಉಣ್ಣುವ ಜಮೀನಿಗೆ) ನೀರು ಸಾಲದು, ಹಾಗಾಗಿ ತೂಬಿಗೆ (ಗದ್ದೆಗೆ ನೀರು ಬಿಡುವ ಬಾಗಿಲಿಗೆ) ಹತ್ತಿರದ ಒಂದಷ್ಟು ಜಮೀನಿನಲ್ಲಿ ಮಾತ್ರ ಬೆಳೆ, ಆದರೆ ಆ ಜಮೀನಿನಲ್ಲಿ ದೂರದ ಗದ್ದೆಯವನಿಗೂ ಅವನ ಹಿಡುವಳಿಗೆ ತಕ್ಕ ಪಾಲು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಮುಂದೆ ನಿಂತು ಅಳೆದು ತೋರಿಸುತ್ತಿದ್ದಾನೆ. ನೀವು ಲೆವೆಲ್ ಮಶೀನ್ ಇಟ್ಟುಕೊಂಡು ಪಕ್ಕದಲ್ಲಿದ್ದೀರಿ. ಕೆರೆಯಲ್ಲಿ ಇನ್ನೂ ಎಷ್ಟು ದಿನದ ನೀರಿದೆ ಅಂತ ಅವನನ್ನು ಕೇಳಿದ್ದೀರಿ. ಅವನು ತೂಬಿನ ಕಲ್ಲುಕಂಬದ ಮೇಲಿನ ಗುರುತು ನೋಡಿ ಒಂದು ಲೆಕ್ಕ ಹೇಳಿದ್ದಾನೆ, ನಿಮ್ಮ ಲೆಕ್ಕ ಇನ್ನೊಂದು ಬಂದಿದೆ. ಪುಟದ ಅಂಚಿನಲ್ಲಿ ಎರಡು ಗೆರೆ ಎಳೆದು ಬರೆದಿದ್ದೀರಿ: "ಅವನು ಹೇಳಿದ್ದೇ ಸರಿ. ಹೂಳು ಸೇರಿಸಿ ಲೆಕ್ಕ ಹಾಕಿದ್ದ. ಇದು ನಮ್ಮ ಯಾವ ಫೈಲಿನಲ್ಲೂ ಇಲ್ಲ."

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಅಂಚಿನಲ್ಲಿ ಅಂತ ನನಗೆ ಅನಿಸುತ್ತದೆ. ಕಣ್ಣು ಮುಚ್ಚಿ ಕೂತು "ನಾನು ಯಾಕೆ ಬರೆಯಬೇಕು" ಅಂತ ಒಳಗೆ ಹುಡುಕಿದರೆ ಸಿಗೋದು ಬರೀ ದೊಡ್ಡ ದೊಡ್ಡ ಮಾತುಗಳು: ಸಮಾಜಸೇವೆ, ಮುಂದಿನ ಪೀಳಿಗೆ, ಪರಂಪರೆಯ ದಾಖಲೆ. ನಿಜವಾದ ಕಾರಣ ಆಗಲೇ ನಿಮ್ಮ ಕೈಬರಹದಲ್ಲಿ ಬಂದಾಗಿರುತ್ತದೆ. ಎಲ್ಲಿ ಬೇಡದಿದ್ದರೂ ಬರೆದಿದ್ದೀರಿ, ಎಲ್ಲಿ ಸಂಬಳಕ್ಕೆ ಸಂಬಂಧವೇ ಇಲ್ಲದ್ದನ್ನು ಗುರುತು ಹಾಕಿಕೊಂಡಿದ್ದೀರಿ, ಎಲ್ಲಿ ಸಿಟ್ಟು ಬಂದು ಅಡಿಗೆರೆ ಎಳೆದಿದ್ದೀರಿ, ಅದನ್ನು ಹುಡುಕಿ. ಎಲ್ಲ ನೋಟ್‌ಬುಕ್ಕುಗಳನ್ನೂ ಹರಡಿಕೊಂಡು ಇಂಥ ಜಾಗಗಳಿಗೆ ಮಾತ್ರ ಒಂದೊಂದು ಚೀಟಿ ಅಂಟಿಸುತ್ತಾ ಹೋಗಿ. ಇಲಾಖೆಗೆ ಬೇಕಿದ್ದದ್ದು ಯಾವುದನ್ನೂ ಮುಟ್ಟಬೇಡಿ, ಅದು ಇಲಾಖೆಯ ಹತ್ತಿರ ಹೇಗೂ ಇದೆ.

ಚೀಟಿ ಅಂಟಿಸಿ ಮುಗಿದ ಮೇಲೆ ಅವುಗಳಲ್ಲಿ ಸಿಟ್ಟಿನ ಪುಟಗಳನ್ನು ಬೇರೆ ಮಾಡಿ. ಸಿಟ್ಟು ಅಂದ ತಕ್ಷಣ ಹಿಂಜರಿಯಬೇಡಿ, ಮಾಹಿತಿಯ ಪುಸ್ತಕಕ್ಕೆ ಅದರಷ್ಟು ಒಳ್ಳೆಯ ಇಂಧನ ಕಮ್ಮಿ. ಯಾವ ಮಾತನ್ನು ಯಾರಾದರೂ ತಪ್ಪಾಗಿ ಹೇಳಿದರೆ ನಿಮಗೆ ಸುಮ್ನೆ ಕೂರಲು ಆಗೋದಿಲ್ಲ? ನಿಮ್ಮ ಪತ್ರದಲ್ಲೇ ಒಂದು ಇದೆ. "ಈಗ ಕೆರೆ ಅಭಿವೃದ್ಧಿ ಅಂದರೆ ಜೆಸಿಬಿ ತಂದು ಬಾಣಲೆ ಥರ ತೋಡೋದು, ಸುತ್ತ ವಾಕಿಂಗ್ ಪಾತ್ ಹಾಕೋದು, ತೂಬು ಮುಚ್ಚೋದು" ಅಂತ ಬರೆದಿದ್ದೀರಿ. ಈ ಒಂದು ಸಾಲಿನಲ್ಲಿ ಇರುವ ಜೀವ ಆ ಹದಿನೆಂಟು ಪುಟದಲ್ಲಿ ಇಲ್ಲ. ನೀವು ಹೇಳಬೇಕಾದ್ದು ಕೆರೆ ಅಂದರೆ ನೀರು ತುಂಬಿದ ಗುಂಡಿ ಅಲ್ಲ ಅನ್ನೋದು. ಮೇಲಿನಿಂದ ನೀರು ತರುವ ರಾಜಕಾಲುವೆ, ಏರಿ, ತೂಬು, ಕೋಡಿ, ಅಚ್ಚುಕಟ್ಟು, ಇವನ್ನೆಲ್ಲ ನೋಡಿಕೊಳ್ಳಲು ಒಬ್ಬ ನೀರುಗಂಟಿ, ಅವನಿಗೆ ಸುಗ್ಗಿಯಲ್ಲಿ ಕೊಡುವ ಕಾಳು, ಬರಗಾಲಕ್ಕೆ ಊರು ಒಪ್ಪಿಕೊಂಡ ಒಂದು ಕಟ್ಟಳೆ, ಎಲ್ಲ ಸೇರಿ ಕೆರೆ. ಹೂಳು ತೆಗೆಸಿದರೆ ಇದರಲ್ಲಿ ಒಂದು ಭಾಗ ಮಾತ್ರ ರಿಪೇರಿ ಆಗುತ್ತದೆ, ಅಲ್ವಾ?

ಇಷ್ಟಕ್ಕೇ ಖುಷಿಯಾಗಿ ಬರೆಯಲು ಕೂರಬೇಡಿ. ಕಾರಣ ಗಟ್ಟಿ ಇದೆಯಾ ಅಂತ ನೋಡಲು ಅದರ ಎದುರು ಒಂದು ಕಷ್ಟದ ಪ್ರಶ್ನೆ ನಿಲ್ಲಿಸಬೇಕು. ನಿಮ್ಮ ವಿಷಯದಲ್ಲಿ ಆ ಪ್ರಶ್ನೆ ಕಣ್ಣೆದುರಿಗೇ ಇದೆ. ಕೋಲಾರದ ಎಷ್ಟೋ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಟ್ಟು ಬಹಳ ಕಾಲವಾಯಿತು. ಜನ ಬೋರ್‌ವೆಲ್ ನಂಬಿದ್ದಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ಕೆರೆಗಳು ತುಂಬುತ್ತಿವೆ, ಅದರ ಉದ್ದೇಶವೂ ಅಂತರ್ಜಲ ಏರಿಸೋದು, ತೂಬಿನಿಂದ ಹರಿಸೋದಲ್ಲ. ಹಾಗಾದರೆ ನೀರುಗಂಟಿಗೆ ಗೊತ್ತಿದ್ದ ಲೆಕ್ಕ ಇವತ್ತು ಯಾರಿಗೆ ಬೇಕು? ನಿಮ್ಮ ಓದುಗರಲ್ಲಿ ಬುದ್ಧಿವಂತನಾದವನು ಇದನ್ನು ಕೇಳೇ ಕೇಳುತ್ತಾನೆ. ಈ ಪ್ರಶ್ನೆ ಕೇಳಿ ನಿಮಗೆ ಆಸಕ್ತಿ ಕುಸಿದರೆ, ಪುಸ್ತಕ ಇಲ್ಲ ಅಂತಲೇ ತಿಳಿಯಿರಿ. ಬದಲಿಗೆ "ಅದಕ್ಕೇ ಹೇಳ್ತಿರೋದು!" ಅಂತ ಬಾಯಿಗೆ ಉತ್ತರ ನುಗ್ಗಿ ಬಂದರೆ ಆ ಉತ್ತರವೇ ಪುಸ್ತಕದ ಬೆನ್ನೆಲುಬು. ಉದಾಹರಣೆಗೆ, ಬೋರ್‌ವೆಲ್ ನೀರಿಗೆ ದಾಮಾಶಾ ಇಲ್ಲ, ಆಳಕ್ಕೆ ಕೊರೆಸಲು ದುಡ್ಡಿದ್ದವನಿಗೆ ನೀರು ಅಂತ ನೀವು ಹೇಳಬಹುದು. ಬೇರೇನೋ ಹೇಳಬಹುದು. ನಾನು ನಿಮ್ಮ ಬಾಯಿಗೆ ಮಾತು ತುರುಕೋದಿಲ್ಲ.

"ಮುಂದಿನ ಪೀಳಿಗೆಗಾಗಿ" ಅನ್ನೋ ಮಾತಿನ ಬಗ್ಗೆ ನನಗೆ ಸ್ವಲ್ಪ ಅನುಮಾನ ಜಾಸ್ತಿ. ಮುಂದಿನ ಪೀಳಿಗೆ ಅನ್ನುವ ಓದುಗ ಎಲ್ಲೂ ಇಲ್ಲ. ಅವನಿಗೆ ಮುಖ ಇಲ್ಲ, ಅವನು ಪ್ರಶ್ನೆ ಕೇಳುವುದಿಲ್ಲ, ಅವನಿಗೆ ಬೋರಾದರೆ ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಅವನಿಗೆ ಅಂತ ಬರೆದದ್ದು ಭಾಷಣ ಆಗುತ್ತದೆ. ನಿಜವಾಗಿ ಉಸಿರಾಡುವ ಒಬ್ಬ ಮನುಷ್ಯನನ್ನು ಹುಡುಕಿಕೊಳ್ಳಿ. ಅಣ್ಣನ ಮಗ ಗ್ರಾಮ ಪಂಚಾಯಿತಿ ಮೆಂಬರ್ ಅಂತ ಬರೆದಿದ್ದೀರಲ್ಲ, ಊರಿನ ಕೆರೆಗೆ ಅನುದಾನ ಬಂದಿದೆ, ಏನು ಮಾಡಿಸೋದು ಚಿಕ್ಕಪ್ಪ ಅಂತ ಫೋನು ಮಾಡುತ್ತಾನೆ ಅಂತ. ಅವನಿಗಿಂತ ಒಳ್ಳೆಯ ಓದುಗ ನಿಮಗೆ ಎಲ್ಲಿ ಸಿಗುತ್ತಾನೆ? ಅವನ ಕೈಯಲ್ಲಿ ದುಡ್ಡಿದೆ, ತೀರ್ಮಾನ ಮಾಡುವ ಅಧಿಕಾರ ಇದೆ, ತೂಬು ಯಾಕೆ ಮುಚ್ಚಬಾರದು ಅಂತ ಗೊತ್ತಿಲ್ಲ.

ಒಂದು ಕೆಲಸ ಮಾಡಿ. ಅವನನ್ನು ಒಂದು ಸಂಜೆ ಮನೆಗೆ ಕರೆಸಿ, ಫೋನಿನ ರೆಕಾರ್ಡರ್ ಆನ್ ಮಾಡಿಟ್ಟು, ನೋಟ್ಸ್ ನೋಡದೆ ಕೆರೆಯ ಬಗ್ಗೆ ಮಾತಾಡಿ. ಕಾಫಿ ಕುಡಿಯುತ್ತಾ ಮಾತಾಡೋದು, ಉಪನ್ಯಾಸ ಅಲ್ಲ. ಮಾರನೇ ದಿನ ಕೇಳಿಸಿಕೊಳ್ಳಿ. ಅವನು ಎಲ್ಲಿ "ಅಯ್ಯೋ, ಹೌದಾ?" ಅಂದ, ಎಲ್ಲಿ ಸುಮ್ಮನಾದ, ಎಲ್ಲಿ ಫೋನು ತೆಗೆದು ವಾಟ್ಸಾಪ್ ನೋಡತೊಡಗಿದ, ಎಲ್ಲ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ನೀವು ಎಲ್ಲಿ "ತಾಳು ತಾಳು, ಇದೊಂದು ಹೇಳಿಬಿಡ್ತೀನಿ" ಅಂದಿರಿ ಅಂತ ನೋಡಿ. ಅಲ್ಲಿ ಧ್ವನಿಯೇ ಬೇರೆ ಆಗಿರುತ್ತದೆ. ಹೊಯ್ಸಳರ ಹೆಸರು ಆ ರೆಕಾರ್ಡಿಂಗಿನಲ್ಲಿ ಒಂದು ಸಲವೂ ಬರದಿದ್ದರೆ ಆಶ್ಚರ್ಯ ಪಡಬೇಡಿ.

ಕನ್ನಡದಲ್ಲಿ ಇಂಥ ಬರವಣಿಗೆಗೆ ದೊಡ್ಡ ದಾರಿಯೇ ಇದೆ. ಕಾರಣ ಹೇಗೆ ಪುಸ್ತಕದ ಆಕಾರವನ್ನೇ ಬದಲಿಸುತ್ತದೆ ಅಂತ ನೋಡಲು ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು' ತೆಗೆದುಕೊಳ್ಳಿ. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್. ಸಂಶೋಧನೆಯ ಪೇಪರುಗಳು ಇಂಗ್ಲಿಷಿನಲ್ಲಿ ಬರುತ್ತಲೇ ಇದ್ದವು, ಹೆಸರು ಅಲ್ಲಿ ಆಗಲೇ ಇತ್ತು. ಕನ್ನಡದಲ್ಲಿ ಬರೆಯಲು ಕೂತಾಗ ಅವರು ಗಿಡಗಳ ಪಟ್ಟಿ ಕೊಡಲಿಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿಗೆ ಹೋದ ಪ್ರವಾಸದ ಕತೆ ಹೇಳಿದರು. ಹುಡುಗರ ತರಲೆ, ಊಟದ ಪರದಾಟ, ಅದರ ನಡುವೆ ಒಂದೊಂದು ಗಿಡ. ಚಿತ್ರಗಳನ್ನೂ ತಾವೇ ಬರೆದರು. ಕಾಡಿನಲ್ಲಿ ಗಿಡ ನೋಡುವಾಗಿನ ಆ ಖುಷಿಯನ್ನು ಹಂಚಿಕೊಳ್ಳೋದು ಮುಖ್ಯ ಅಂತ ಇಟ್ಟುಕೊಂಡವರು ಮಾತ್ರ ಹಾಗೆ ಬರೆಯುತ್ತಾರೆ. ಪಾಂಡಿತ್ಯ ತೋರಿಸೋದು ಮುಖ್ಯ ಆಗಿದ್ದರೆ ಅದೇ ವಿಷಯ ಇನ್ನೊಂದು ಪಠ್ಯಪುಸ್ತಕ ಆಗುತ್ತಿತ್ತು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅದೂ ಸಸ್ಯಗಳ ಮೇಲಿನ ಪುಸ್ತಕಕ್ಕೆ!

ಅವರ ತಂದೆ ಡಿ.ವಿ.ಜಿ. ನಿಮ್ಮ ಕೋಲಾರ ಜಿಲ್ಲೆಯವರೇ, ಮುಳಬಾಗಿಲಿನವರು. 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ದಿವಾನರು, ಸಾಹಿತಿಗಳು, ಸಂಗೀತಗಾರರು ಇದ್ದಾರೆ. ಒಂದು ಸಂಪುಟ ಪೂರ್ತಿ ಹೆಸರೇ ಕೇಳದ ಸಾಮಾನ್ಯ ಜನರಿಗೆ, 'ಹೃದಯ ಸಂಪನ್ನರು' ಅಂತ. ನೀರುಗಂಟಿಯ ಬಗ್ಗೆ ಯಾರು ಓದುತ್ತಾರೆ ಅಂತ ಮತ್ತೆ ಅನಿಸಿದಾಗ ಆ ಸಂಪುಟ ತೆಗೆದು ನಾಲ್ಕು ಪುಟ ಓದಿ.

ಶಿವರಾಮ ಕಾರಂತರ ಕಾರಣ ಇನ್ನೂ ಸರಳ. ಕನ್ನಡದ ಮಕ್ಕಳಿಗೆ ಲೋಕಜ್ಞಾನದ ಪುಸ್ತಕ ಬೇಕು ಅನಿಸಿತು, 1930ರ ದಶಕದಲ್ಲಿ 'ಬಾಲ ಪ್ರಪಂಚ' ಬರೆದರು. ದೊಡ್ಡವರಿಗೂ ವಿಜ್ಞಾನ ಬೇಕು ಅನಿಸಿತು, 'ವಿಜ್ಞಾನ ಪ್ರಪಂಚ' ನಾಲ್ಕು ಸಂಪುಟ ಬಂತು. ಡಾಕ್ಟರ್ ಆಗಿದ್ದ ಅನುಪಮಾ ನಿರಂಜನ 'ತಾಯಿ ಮಗು' ಬರೆದಾಗ ಕಣ್ಣೆದುರು ಇದ್ದದ್ದು ಬಸುರಿ ಹೆಣ್ಣುಮಗಳು. ಇಲ್ಲದ ಪುಸ್ತಕ ಇರಲಿ ಅನ್ನೋದೂ ಒಂದು ಗಟ್ಟಿ ಕಾರಣ. ಆದರೆ ಅದನ್ನು ಹೇಳುವ ಮೊದಲು ಕೆರೆಯ ಬಗ್ಗೆ ಕನ್ನಡದಲ್ಲಿ ಏನೇನು ಇದೆ ಅಂತ ಲೈಬ್ರರಿಗೆ ಹೋಗಿ ಪೂರ್ತಿ ನೋಡಬೇಕು. ಇರುವುದನ್ನೇ ಇನ್ನೊಮ್ಮೆ ಬರೆಯಲು ಯಾರಿಗೂ ಹುಮ್ಮಸ್ಸು ಬಹಳ ದಿನ ಉಳಿಯುವುದಿಲ್ಲ.

ನಿಮ್ಮ ವಿಷಯಕ್ಕೆ ತೀರಾ ಹತ್ತಿರದ್ದು ಅಂದರೆ ಅನುಪಮ್ ಮಿಶ್ರ ಅವರ ಹಿಂದಿ ಪುಸ್ತಕ, 'ಆಜ್ ಭೀ ಖರೇ ಹೈಂ ತಾಲಾಬ್'. 1993ರಲ್ಲಿ ದೆಹಲಿಯ ಗಾಂಧಿ ಶಾಂತಿ ಪ್ರತಿಷ್ಠಾನದಿಂದ ಬಂತು. ಮಿಶ್ರ ಎಂಜಿನಿಯರ್ ಅಲ್ಲ, ಓದಿದ್ದು ಸಂಸ್ಕೃತ. ಕೆರೆ ಕಟ್ಟಿದವರು ಯಾರು, ಅವರ ಹೆಸರು ಯಾಕೆ ಮರೆತುಹೋಯಿತು ಅನ್ನೋದು ಅವರನ್ನು ಕಾಡಿದ ವಿಷಯ. ಅದಕ್ಕೇ ಆ ಪುಸ್ತಕದಲ್ಲಿ ಗಜಧರರು, ಅಂದರೆ ಅಳತೆಗೋಲು ಹಿಡಿದು ಕೆರೆ ಕಟ್ಟುತ್ತಿದ್ದ ಜನ, ಮುಂದೆ ಬರುತ್ತಾರೆ, ರಾಜರು ಹಿಂದೆ. ಕೆರೆ ಉಳಿಸಲು ಯಾರಿಗಾದರೂ ಉಪಯೋಗ ಆಗಲಿ ಅನ್ನೋದು ಎಷ್ಟು ನಿಜವಾಗಿತ್ತು ಅಂದರೆ ಪುಸ್ತಕಕ್ಕೆ ಕಾಪಿರೈಟನ್ನೇ ಇಡಲಿಲ್ಲ. ಯಾರು ಬೇಕಾದರೂ ಅಚ್ಚು ಹಾಕಿಸಬಹುದಿತ್ತು, ಹಾಕಿಸಿದರು ಕೂಡ, ಹಲವು ಭಾಷೆಗಳಿಗೆ ಹೋಯಿತು. ನೀವೂ ಕಾಪಿರೈಟ್ ಬಿಡಿ ಅಂತ ನಾನು ಹೇಳುತ್ತಿಲ್ಲ. ಕಾರಣ ಸ್ಪಷ್ಟವಾಗಿದ್ದರೆ ಇಂಥ ತೀರ್ಮಾನಗಳು ಕೂಡ ತಲೆಬಿಸಿ ಇಲ್ಲದೆ ಆಗುತ್ತವೆ, ಅಷ್ಟೇ.

ಒಂದು ಎಚ್ಚರಿಕೆ. ನಿಮ್ಮ ನೋಟ್‌ಬುಕ್ಕಿನ ಕೊನೆಯ ಫೋಟೊದಲ್ಲಿ ವರ್ಗಾವಣೆ, ಬಿಲ್ಲು, ಗುತ್ತಿಗೆದಾರರ ವಿಷಯ ಇದೆ. ಆ ಸಿಟ್ಟು ಬೇರೆ, ತೂಬಿನ ಸಿಟ್ಟು ಬೇರೆ. ಹಳೇ ಮೇಲಧಿಕಾರಿಗೆ ಉತ್ತರ ಕೊಡಲು ಬರೆದ ಪುಸ್ತಕವನ್ನು ಆ ಮೇಲಧಿಕಾರಿ ಒಬ್ಬನೇ ಓದುತ್ತಾನೆ, ಅವನೂ ಲಾಯರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಬರೆಯಲೇಬೇಕು ಅನಿಸಿದರೆ ಬೇರೆ ಫೈಲಿನಲ್ಲಿ ಬರೆದಿಡಿ, ಮನಸ್ಸು ಹಗುರಾಗುತ್ತದೆ, ಈ ಪುಸ್ತಕಕ್ಕೆ ತರಬೇಡಿ. ಅನುದಾನ ಹೇಗೆ ಬರುತ್ತದೆ, ಅದರಲ್ಲಿ ತೂಬಿನ ರಿಪೇರಿಗೆ ಯಾಕೆ ದುಡ್ಡು ಉಳಿಯುವುದಿಲ್ಲ ಅನ್ನೋದನ್ನು ಮಾತ್ರ ಯಾರ ಹೆಸರೂ ಇಲ್ಲದೆ ಬರೆಯಿರಿ, ಅದು ಓದುಗನಿಗೆ ಬೇಕು.

ಇಷ್ಟೆಲ್ಲ ಮಾಡಿದ ಮೇಲೆ, ಚೀಟಿ ಅಂಟಿಸಿದ ಪುಟಗಳು ಹತ್ತೋ ಹನ್ನೆರಡೋ ಮಾತ್ರ ಸಿಕ್ಕವು, ಅಣ್ಣನ ಮಗನ ಜೊತೆ ಅರ್ಧ ಗಂಟೆಗೆ ಮಾತು ಮುಗಿದುಹೋಯಿತು ಅಂದರೆ? ಆಗ ಪುಸ್ತಕ ಬೇಡ. ನಾಲ್ಕು ಒಳ್ಳೆಯ ಲೇಖನ ಬರೆಯಿರಿ, ಪೇಪರಿನವರು ಖುಷಿಯಿಂದ ಹಾಕುತ್ತಾರೆ, ಪುಸ್ತಕಕ್ಕಿಂತ ಜಾಸ್ತಿ ಜನ ಓದುತ್ತಾರೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನನ್ನ ಮೇಜಿಗೆ ಬರುವ ಹಸ್ತಪ್ರತಿಗಳಲ್ಲಿ ಎಷ್ಟೋ ನಾಲ್ಕು ಲೇಖನಕ್ಕೆ ಸಾಕಾಗುವ ವಿಷಯವನ್ನು ಇನ್ನೂರು ಪುಟಕ್ಕೆ ಎಳೆದವು. ಆದರೆ ಆ ಮೂರನೇ ಫೋಟೊ ನೋಡಿದ ಮೇಲೆ ನಿಮ್ಮದು ಹಾಗಾಗಲಿಕ್ಕಿಲ್ಲ ಅಂತಲೇ ನನ್ನ ಅಂದಾಜು.

ಅಂದಾಜು ಸರಿಯಾದರೆ ಮುಂದಿನ ಹೆಜ್ಜೆ ಅಧ್ಯಾಯಗಳ ಪಟ್ಟಿ. ಈಗಿರುವ ಪಟ್ಟಿ ಚರಿತ್ರೆ, ವಿಧಗಳು, ರಚನೆ, ಸಮಸ್ಯೆ, ಪರಿಹಾರ ಅಂತ ಇಲಾಖೆಯ ವರದಿ ಥರ ಇದೆ. ಪ್ರತಿಯೊಂದರ ಮುಂದೆ "ಇದು ಪಂಚಾಯಿತಿ ಮೆಂಬರಿಗೆ ಯಾಕೆ ಬೇಕು?" ಅಂತ ಒಂದು ಸಾಲು ಬರೆಯಲು ನೋಡಿ. ಬರೆಯಲು ಆಗದ ಅಧ್ಯಾಯ ಹೊಡೆದುಹಾಕಿ. ಚರಿತ್ರೆ ಪೂರ್ತಿ ಹೋಗಬೇಕಿಲ್ಲ. ಕೆರೆ ಕಟ್ಟಿದವರಿಗೂ ನೋಡಿಕೊಂಡವರಿಗೂ ಕೊಡುತ್ತಿದ್ದ ಕಟ್ಟುಕೊಡಗಿ ಜಮೀನಿನ ವಿಷಯ ಉಳಿಯಬೇಕು, ಯಾಕೆಂದರೆ ಕೆರೆ ನೋಡಿಕೊಳ್ಳುವವನಿಗೆ ಇವತ್ತು ಯಾರು, ಯಾವ ಲೆಕ್ಕದಲ್ಲಿ ದುಡ್ಡು ಕೊಡಬೇಕು ಅನ್ನೋ ಪ್ರಶ್ನೆ ಅಣ್ಣನ ಮಗನ ಮುಂದೆಯೇ ಇದೆ. ಮುನ್ನುಡಿ ಈಗ ಬರೆಯಬೇಡಿ, ಅದು ಕೊನೆಗೆ. ಬಿಡುಗಡೆಯ ದಿನ ಗೊತ್ತು ಮಾಡಲು ಗೆಳೆಯರಿಗೆ ಈಗಲೇ ಬಿಡಬೇಡಿ, ಹಾಲ್ ಬುಕ್ ಆದ ಮೇಲೆ ಆತುರದಲ್ಲಿ ಮುಗಿಸಿದ ಪುಸ್ತಕಗಳ ಕೊನೆಯ ಅಧ್ಯಾಯ ಓದಿದರೆ ಗೊತ್ತಾಗಿಬಿಡುತ್ತದೆ.

ಭಾಷೆಯ ಪ್ರಶ್ನೆಗೆ ಈಗ ಉತ್ತರ ನಿಮಗೇ ಹೊಳೆದಿರಬೇಕು. ಕನ್ನಡ. ತೂಬಿನ ಬಗ್ಗೆ ತೀರ್ಮಾನ ಮಾಡುವವರು ಕನ್ನಡದಲ್ಲಿ ಓದುವವರು. ಎಸ್ಟಿಮೇಟಿನ ಟೇಬಲ್ಲುಗಳು, ಹೂಳಿನ ಲೆಕ್ಕ, ಹೂಳು ತುಂಬಿದ ಮೇಲೆ ಕೆರೆಯ ಸಾಮರ್ಥ್ಯ ಎಷ್ಟು ಕಮ್ಮಿಯಾಯಿತು ಅನ್ನುವ ನಿಮ್ಮ ಅಂಕಿಗಳು ಎಂಜಿನಿಯರುಗಳಿಗೆ ಬೇಕಾಗುತ್ತವೆ, ಅದನ್ನು ಒಂದು ಇಂಗ್ಲಿಷ್ ಪೇಪರ್ ಮಾಡಿ ಯಾವುದಾದರೂ ಜರ್ನಲ್‌ಗೆ ಕಳಿಸಿ. ಪುಸ್ತಕದಿಂದ ಅವು ಹೋದರೆ ಇನ್ನೂ ಮೂವತ್ತು ಪುಟ ಕಮ್ಮಿಯಾಗುತ್ತದೆ, ಬೆಲೆಯನ್ನೂ ನೂರೈವತ್ತಕ್ಕೆ ಇಳಿಸಬಹುದು.